ಐದು ಗುಂಡಿಯ ಕೋಟು

ಪ್ರಿಮೊ ಲೆವಿ ನನಗೆ ಹತ್ತಿರವಾಗಲು ಮೊದಲ ಕಾರಣ, ಅವರೂ ನನ್ನಂತೆ ಕೆಮಿಸ್ಟ್ರಿ ಓದಿದವರು. 1919ರಲ್ಲಿ ಇಟಲಿಯ ಟ್ಯೂರಿನ್‌ನ ಯಹೂದಿ ಮನೆಯಲ್ಲಿ ಹುಟ್ಟಿದರು. 1943ರ ಡಿಸೆಂಬರ್‌ನಲ್ಲಿ ಫ್ಯಾಸಿಸ್ಟರಿಗೆ ಸೆರೆಸಿಕ್ಕರು. ಎರಡು ತಿಂಗಳಲ್ಲಿ ಆಶ್ವಿಟ್ಜ್ ರೈಲು ಹತ್ತಬೇಕಾಯಿತು.

ಅಲ್ಲಿ ಇದ್ದ ಬಟ್ಟೆ ಬಿಚ್ಚಿಸಿ, ತಲೆ ಬೋಳಿಸಿದರು. ಬದಲಿಗೆ ಸಿಕ್ಕಿದ್ದು ಪಟ್ಟೆ ಪಟ್ಟೆಯ ಕೋಟು, ಪ್ಯಾಂಟು, ಮರದ ಅಟ್ಟೆಯ ಬೂಟು. ತೋಳಿಗೆ ಹಚ್ಚೆ ಹಾಕಿದ 174517 ಎಂಬ ಸಂಖ್ಯೆ ಕೋಟಿನ ಮೇಲೂ ಬಂತು. ಯಹೂದಿ ಎಂದು ಗುರುತಿಸಲು ಕೆಂಪು–ಹಳದಿ ನಕ್ಷತ್ರ ಬೇರೆ.

ಆ ಚಿಂದಿಗೂ ಶಿಸ್ತು! ಕೋಟಿಗೆ ಐದು ಗುಂಡಿ ಇರಲೇಬೇಕು. ಪೋಲೆಂಡಿನ ಚಳಿ ತಡೆಯಲು ಒಳಗೆ ಕಾಗದವನ್ನೋ ಹುಲ್ಲನ್ನೋ ತುರುಕಿಕೊಂಡರೆ ಅಪರಾಧ. ರಾತ್ರಿ ಕಳ್ಳತನದ ಭಯಕ್ಕೆ ಬೂಟು, ಬಟ್ಟಲನ್ನೆಲ್ಲ ಸುತ್ತಿ ತಲೆಯಡಿ ಇಟ್ಟುಕೊಂಡೇ ಮಲಗಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಆ ಬೂಟು. ಅಳತೆ ಕೇಳುವವರಿಲ್ಲ. ಉಜ್ಜಿ ಉಜ್ಜಿ ಹುಣ್ಣಾಗುತ್ತದೆ, ಕೀವು ತುಂಬುತ್ತದೆ. ಕುಂಟುವವನು ಹಿಂದೆ ಬಿದ್ದು ಏಟು ತಿನ್ನುತ್ತಾನೆ. ಊದಿದ ಕಾಲಿನವನಿಗೆ ಆಸ್ಪತ್ರೆಯೂ ಅಪಾಯವೇ, ಅಲ್ಲಿಂದ ಗ್ಯಾಸ್ ಕೋಣೆ ದೂರವಿರಲಿಲ್ಲ. ಗ್ಯಾಸ್ ಕೋಣೆಯ ಬಗ್ಗೆ ನಾವೆಲ್ಲ ಓದಿದ್ದೇವೆ. ಬೂಟಿನಿಂದ ಸಾವು ಶುರುವಾಗುತ್ತಿತ್ತೆಂದು ಎಷ್ಟು ಜನರಿಗೆ ಗೊತ್ತು?

ಕೊನೆಗೆ ಓದಿದ ವಿದ್ಯೆ ಕೈ ಹಿಡಿಯಿತು. ಲ್ಯಾಬಿನಲ್ಲಿ ಕೆಲಸ, ಜತೆಗೆ ಹೊಸ ಅಂಗಿ, ಒಳಚಡ್ಡಿ!

1945ರ ಜನವರಿಯಲ್ಲಿ ನಾಜಿಗಳು ನಡೆಯಬಲ್ಲವರನ್ನು ಹಿಮದಲ್ಲಿ ಅಟ್ಟಿಕೊಂಡು ಹೋದರು. ಅವರಲ್ಲಿ ಬಹಳಷ್ಟು ಜನ ಉಳಿಯಲಿಲ್ಲ. ಜ್ವರದಿಂದ ಮಲಗಿದ್ದ ಲೆವಿ ಉಳಿದರು. ಊರಿಗೆ ಮರಳಿ ಪುಸ್ತಕ ಬರೆದರು, ಬಣ್ಣದ ಕಾರ್ಖಾನೆಯಲ್ಲಿ ದುಡಿದರು. ಹಚ್ಚೆ ಅಳಿಸಲಿಲ್ಲ. 1987ರಲ್ಲಿ ತೀರಿಕೊಂಡರು. ಟ್ಯೂರಿನ್‌ನ ಸಮಾಧಿ ಕಲ್ಲಿನಲ್ಲಿ ಹೆಸರಿನೊಂದಿಗೆ 174517 ಎಂದೂ ಕೆತ್ತಿದೆ.