ನಡೆದು ಬರೆದ ಕವಿ ಮತ್ಸುವೊ ಬಾಶೊ

ಹೈಕು ಎಂದರೆ ಜಪಾನಿನ ಪುಟ್ಟ ಕವಿತೆ. ಐದು, ಏಳು, ಐದು ಹೀಗೆ ಒಟ್ಟು 17 ಉಚ್ಚಾರಗಳಲ್ಲಿ ಅದು ಮುಗಿದುಹೋಗಬೇಕು. ನಮ್ಮ ಮನೆಯಲ್ಲಿ ಹಿರಿಯರು ಹೇಳುವ ಉರ್ದು ಶೇರ್‌ಗಿಂತಲೂ ಇದು ಚಿಕ್ಕದು. ಇಂಥ ಕವಿತೆಯನ್ನು ಗದ್ಯದ ನಡುವೆ ಇಟ್ಟು ಬರೆಯುವ ರೀತಿಗೆ ಹೈಬುನ್ ಎನ್ನುತ್ತಾರೆ. ಪ್ರವಾಸಕಥನದಲ್ಲಿ ಈ ರೀತಿಯನ್ನು ಎತ್ತರಕ್ಕೆ ಒಯ್ದವರು ಮತ್ಸುವೊ ಬಾಶೊ. ಕಾಮರ್ಸ್ ಓದುವ ನಾನು ಕವಿಯೊಬ್ಬರ ಜೀವನ ಬರೆಯಲು ಒಂದು ಕಾರಣವಿದೆ. ಅವರ ಪ್ರಯಾಣದಲ್ಲಿ ಒಂದು ಲೆಕ್ಕದ ಪ್ರಶ್ನೆ ಅಡಗಿದೆ.

ಬಾಶೊ 1644ರಲ್ಲಿ ಇಗಾ ಪ್ರಾಂತ್ಯದ ಉಯೆನೊ ಎಂಬ ಊರಿನಲ್ಲಿ ಹುಟ್ಟಿದರು. ಆಗ ಮೊಘಲ್ ಸಿಂಹಾಸನದಲ್ಲಿ ಷಹಜಹಾನ್ ಇದ್ದರು. ಮನೆ ಸಣ್ಣ ದರ್ಜೆಯ ಸಮುರಾಯ್ ಮನೆತನದ್ದು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ಊರಿನ ಒಡೆಯರ ಬಂಧುವಾದ ತೊದೊ ಯೊಷಿತದಾ ಎಂಬ ಯುವಕನ ಬಳಿ ಕೆಲಸಕ್ಕೆ ಸೇರಿದರು. ಇಬ್ಬರಿಗೂ ಕವಿತೆಯ ಹುಚ್ಚು. ಆದರೆ 1666ರಲ್ಲಿ ಯೊಷಿತದಾ ಸಣ್ಣ ವಯಸ್ಸಿನಲ್ಲೇ ತೀರಿಹೋದರು. ಬಾಶೊ ಆ ಚಾಕರಿ ಬಿಟ್ಟರು. 1672ರಲ್ಲಿ ಎದೊ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೊಗೆ ಬಂದರು.

ದೊಡ್ಡ ಊರಿಗೆ ಬಂದವರಿಗೆ ಮೊದಲು ಹೊಟ್ಟೆಪಾಡು. ಕೆಲವು ವರ್ಷ ಪಟ್ಟಣದ ನೀರಿನ ಕಾಲುವೆಯ ಕೆಲಸದಲ್ಲಿ ಇದ್ದರು. ನಿಧಾನವಾಗಿ ಕವಿತೆಯ ಉಸ್ತಾದರೆಂದು ಹೆಸರು ಬಂತು, ಶಿಷ್ಯರು ಸೇರಿದರು. ಆ ಕಾಲದಲ್ಲಿ ಬೇರೆಯವರ ಕವಿತೆ ತಿದ್ದಿ ಅಂಕ ಹಾಕಿದರೆ ಹಣ ಸಿಗುತ್ತಿತ್ತು. ಬಾಶೊ ಆ ಗಳಿಕೆಯ ದಾರಿ ಬಿಟ್ಟು 1680ರಲ್ಲಿ ಊರ ಅಂಚಿನ ಫುಕಗಾವಾದಲ್ಲಿ ಗುಡಿಸಲು ಹಿಡಿದರು. ಒಬ್ಬ ಶಿಷ್ಯರು ಅಲ್ಲಿ ನೆಡಲು ಒಂದು ಬಾಳೆಗಿಡ ತಂದುಕೊಟ್ಟರು. ಜಪಾನಿನ ಆ ಬಾಳೆ ತಿನ್ನುವಂಥ ಹಣ್ಣು ಕೊಡುವುದಿಲ್ಲ, ಎಲೆ ಗಾಳಿಗೆ ಬೇಗ ಹರಿಯುತ್ತದೆ. ಅದರ ಹೆಸರು ಬಾಶೊ. ಕವಿ ಅದನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು.

1682ರ ಕೊನೆಯಲ್ಲಿ ಎದೊದಲ್ಲಿ ದೊಡ್ಡ ಬೆಂಕಿ ಬಿದ್ದು ಗುಡಿಸಲು ಸುಟ್ಟುಹೋಯಿತು. ಮರುವರ್ಷ ಊರಿನಲ್ಲಿ ತಾಯಿ ತೀರಿಕೊಂಡರು. ಶಿಷ್ಯರು ಬೇರೆ ಮನೆ ಕಟ್ಟಿಕೊಟ್ಟರೂ ಬಾಶೊ ಒಂದು ಕಡೆ ನಿಲ್ಲಲಿಲ್ಲ. 1684ರಿಂದ ನಡೆಯಲು ಶುರುಮಾಡಿದರು.

ಅವರ ದೊಡ್ಡ ಪ್ರಯಾಣ 1689ರದು. ನಮ್ಮ ಕಡೆ ಗೋಲ್ಕೊಂಡ ಔರಂಗಜೇಬರ ವಶವಾಗಿ ಆಗ ಎರಡು ವರ್ಷ. ಬಾಶೊ ಇದ್ದ ಮನೆಯನ್ನೂ ಮಾರಿ, ಸೋರಾ ಎಂಬ ಶಿಷ್ಯರನ್ನು ಜೊತೆ ಮಾಡಿಕೊಂಡು ಉತ್ತರದ ದೂರದ ಪ್ರಾಂತ್ಯಗಳಿಗೆ ಹೊರಟರು. ಸುಮಾರು ಐದು ತಿಂಗಳು, ಸುಮಾರು 2400 ಕಿಲೋಮೀಟರ್. ಕಲಬುರಗಿಯಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದಷ್ಟು, ಹೆಚ್ಚುಭಾಗ ಕಾಲ್ನಡಿಗೆಯಲ್ಲೇ. ಒಂದು ಗಡಿಯಲ್ಲಿ ಮಳೆಗೆ ಸಿಕ್ಕಿ ಕಾವಲುಗಾರನ ಮನೆಯಲ್ಲಿ ಉಳಿಯಬೇಕಾಯಿತು. ಚಿಗಟ, ಹೇನು, ತಲೆಯ ಹತ್ತಿರವೇ ಕುದುರೆ. ಅದನ್ನೂ ಬಾಶೊ ಮುಚ್ಚಿಡದೆ ಬರೆದಿದ್ದಾರೆ.

ಹಿರೈಜುಮಿ ಎಂಬ ಊರಿನಲ್ಲಿ ಹಿಂದೆ ಮೂರು ತಲೆಮಾರು ಆಳಿದ ಮನೆತನದ ಅರಮನೆಗಳಿದ್ದವು. ಬಾಶೊ ಹೋದಾಗ ಅಲ್ಲಿ ಹೊಲ, ಹುಲ್ಲು ಮಾತ್ರ ಇತ್ತು. ಟೋಪಿ ಕೆಳಗಿಟ್ಟು ಕುಳಿತು ಬಹಳ ಹೊತ್ತು ಅತ್ತರು. ಇದನ್ನು ಓದಿದಾಗ ನನಗೆ ಮಳಖೇಡ ನೆನಪಾಯಿತು. ನಾವು ಮುಧೋಳದಿಂದ ಸೇಡಂ ಮೇಲೆ ಕಲಬುರಗಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 972ರಲ್ಲಿ ಪರಮಾರರು ಅದನ್ನು ಕೊಳ್ಳೆ ಹೊಡೆದರು. ಈಗ ಕಾಗಿಣಾ ನದಿಯ ದಂಡೆಯಲ್ಲಿ ಹಾಳು ಕೋಟೆ ಇದೆ. ಗದ್ಯ ಪದ್ಯ ಬೆರೆಸುವುದೂ ಅಲ್ಲಿಗೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ ಪೊನ್ನ ಕವಿ ಶಾಂತಿಪುರಾಣವನ್ನು ಚಂಪೂ ರೀತಿಯಲ್ಲೇ ಬರೆದರು. ಪೊನ್ನ ಹೇಳಿದ್ದು ತೀರ್ಥಂಕರರ ಚರಿತೆ, ಬಾಶೊ ಹೇಳಿದ್ದು ತಾವು ನಡೆದ ದಾರಿ.

ಯಮನಾಕಾ ಎಂಬಲ್ಲಿ ಹೊಟ್ಟೆನೋವಿನಿಂದ ಸೋರಾ ಬೇರೆಯಾದರು. ಬಾಶೊ ಓಗಾಕಿ ಊರು ತಲುಪಿದಲ್ಲಿಗೆ ಕಥನ ಮುಗಿಯುತ್ತದೆ. ಪುಸ್ತಕದ ಹೆಸರು ‘ಓಕು ನೊ ಹೊಸೊಮಿಚಿ’, ಅಂದರೆ ಒಳನಾಡಿನ ಕಿರುದಾರಿ. ತೆಳ್ಳಗಿನ ಈ ಪುಸ್ತಕದಲ್ಲಿ ಬಾಶೊ ಅವರ ಹೈಕುಗಳು ಸುಮಾರು 50. ಇಷ್ಟಕ್ಕೆ ಅವರು ಸುಮಾರು ಐದು ವರ್ಷ ತಿದ್ದಿದರು. 1694ರಲ್ಲಿ ಒಸಾಕಾದಲ್ಲಿ, ಇನ್ನೊಂದು ಪ್ರಯಾಣದ ನಡುವೆಯೇ ಕಾಯಿಲೆ ಬಿದ್ದು ತೀರಿಕೊಂಡರು. ಪುಸ್ತಕ ಅಚ್ಚಾದದ್ದು 1702ರಲ್ಲಿ.

ಈಗ ಲೆಕ್ಕದ ಪ್ರಶ್ನೆಗೆ ಬರುತ್ತೇನೆ. ಸೋರಾ ಕೂಡ ದಿನವೂ ಬರೆಯುತ್ತಿದ್ದರು. ಆ ಡೈರಿ ಅಚ್ಚಾಗಿ ಎಲ್ಲರ ಕೈಗೆ ಬಂದದ್ದು 1943ರಲ್ಲಿ. ಲೆಕ್ಕಶಾಸ್ತ್ರದಲ್ಲಿ ನಾವು ಕಲಿಯುವ ಜರ್ನಲ್, ಅಡತಿ ಅಂಗಡಿಯವರು ಕಿರ್ದಿ ಎನ್ನುವ ಪುಸ್ತಕ, ಅದರಂತೆಯೇ ಇದು. ಯಾವ ದಿನ, ಮಳೆಯೋ ಬಿಸಿಲೋ, ಎಷ್ಟು ದೂರ, ಯಾರ ಮನೆಯಲ್ಲಿ ವಸತಿ, ಅಷ್ಟೆ. ಎರಡನ್ನೂ ಇಟ್ಟು ನೋಡಿದರೆ ತಾಳೆಯಾಗುವುದಿಲ್ಲ. ನಿಕ್ಕೊ ಬೆಟ್ಟದ ಕೆಳಗೆ ಮೂರನೆಯ ತಿಂಗಳ 30ರಂದು ಉಳಿದೆವು ಎಂದು ಬಾಶೊ ಬರೆಯುತ್ತಾರೆ. ಚಂದ್ರನನ್ನು ನೋಡಿ ಎಣಿಸುವ ತಿಂಗಳು 29 ಅಥವಾ 30 ದಿನ ಎಂದು ರಂಜಾನಿನಲ್ಲಿ ಚಾಂದ್ ಕಾಯುವ ನಮಗೆ ಗೊತ್ತು. ಆ ವರ್ಷ ಆ ತಿಂಗಳಿಗೆ 29 ದಿನ ಮಾತ್ರ. ಇಲ್ಲದ ತಾರೀಖು ಹಾಕಿದ ವೋಚರ್ ಇದು! ಇನ್ನೊಂದು ಕಡೆ, ಸಮಾಜ ಕೀಳಾಗಿ ನೋಡುವ ಕಸುಬಿನ ಇಬ್ಬರು ಹೆಂಗಸರು ದಾರಿಗೆ ಜೊತೆ ಕೇಳಿದರು, ತಾನು ಆಗದೆಂದೆ, ಆಮೇಲೆ ಮನಸ್ಸು ನೊಂದಿತು, ಆಗ ಕಟ್ಟಿದ ಕವಿತೆಯನ್ನು ಸೋರಾ ಬರೆದುಕೊಂಡರು ಎನ್ನುತ್ತಾರೆ ಬಾಶೊ. ಸೋರಾ ಡೈರಿಯಲ್ಲಿ ಆ ಹೆಂಗಸರೂ ಇಲ್ಲ, ಆ ಕವಿತೆಯೂ ಇಲ್ಲ.

ಹಾಗಾದರೆ ಬಾಶೊ ಸುಳ್ಳು ಬರೆದರೇ? ಲೆಕ್ಕದಲ್ಲಿ ಇಂಥ ನಮೂದು ಮಾಡಿದರೆ ಮೋಸ. ಪಾಲುದಾರರಿಗೋ ಸಾಲ ಕೊಟ್ಟವರಿಗೋ ನಷ್ಟವಾಗುತ್ತದೆ. ಬಾಶೊ ಬರೆದದ್ದರಿಂದ ಯಾರ ಹಣವೂ ಹೋಗಲಿಲ್ಲ. ಅವರು ನಡೆದದ್ದು ನಿಜ, ದಣಿದದ್ದು ನಿಜ. ಅದಕ್ಕೆ ಸೋರಾ ಡೈರಿಯೇ ಸಾಕ್ಷಿ. ಬದಲಿಸಿದ್ದು ಕೆಲವು ದಿನಗಳ ಕ್ರಮ, ಕೆಲವು ರಾತ್ರಿಗಳು. ಏನು ನಡೆಯಿತು ಎಂದು ಸೋರಾ ಬರೆದರು, ನಡೆದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂದು ಬಾಶೊ ಬರೆದರು. ಕಿರ್ದಿ ಇಲ್ಲದಿದ್ದರೆ ಬಾಶೊ ಏನು ಬದಲಿಸಿದರು ಎಂದೇ ನಮಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ನನಗೆ ಶಿಷ್ಯರ ಮೇಲೂ ಗುರುವಿನಷ್ಟೇ ಗೌರವ.

ನಮ್ಮ ಭಾಗದ ಎಷ್ಟೋ ಮನೆಗಳವರು ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗಿ ಬರುತ್ತಾರೆ. ಟಿಕೆಟ್, ರಸೀದಿ ಕಿಸೆಯಲ್ಲಿ ಉಳಿಯುತ್ತವೆ, ಆ ಪ್ರಯಾಣ ಬರಹಕ್ಕೆ ಬರುವುದಿಲ್ಲ. ಮನೆಯ ಮಾತು ಬೇರೆಯಾಗಿರುವ ನಮ್ಮಂಥವರಿಗೆ ಕನ್ನಡದಲ್ಲಿ ಉದ್ದ ಪ್ರಬಂಧ ಎಂದರೆ ಹೆದರಿಕೆ. ಆದರೆ ಹತ್ತು ಸರಳ ವಾಕ್ಯ, ಕೊನೆಗೊಂದು ಪುಟ್ಟ ಕವಿತೆ ನಮಗೂ ಸಾಧ್ಯ. ಈ ರಜೆಯಲ್ಲಿ ಅಬ್ಬಾ, ಮಾಮು, ಅಣ್ಣ ಯಾರನ್ನಾದರೂ ಕೂರಿಸಿ ಅವರ ಒಂದು ಪ್ರಯಾಣ ಕೇಳಿ. ಮೊದಲು ಸೋರಾ ಹಾಗೆ ದಿನ, ಊರು, ಖರ್ಚು ಬರೆದುಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ತಿದ್ದಿ ಮುಂದಿನ ಸಂಚಿಕೆಗೆ ಕೊಡಿ.