ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ಸ್ವಂತ ಮನೆ ಕಟ್ಟಿಸುತ್ತಿರುವರು. ನಕ್ಷೆಯನ್ನು ಒಪ್ಪುವ ಮುನ್ನ ಅವರು ಈ ಮಹನೀಯರ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು.

ಒಟ್ಟೊ ಅವರು 1908ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ತಂದೆಯೂ ವಾಸ್ತುಶಿಲ್ಪಿ, ತಾಯಿಯು ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸಹೋದರಿ. ಅಲ್ಲಿಯೇ ಕಟ್ಟಡವಿದ್ಯೆಯನ್ನು ಅಭ್ಯಸಿಸಿ 1933ರಲ್ಲಿ ಷಿಂಕೆಲ್ ಬಹುಮಾನಕ್ಕೆ ಪಾತ್ರರಾದರು. ಅದೇ ವರ್ಷ ಹಿಟ್ಲರನ ಸರಕಾರವು ಯೆಹೂದ್ಯ ವಂಶದವರನ್ನು ಹುದ್ದೆಗಳಿಂದ ತೆಗೆದುಹಾಕಿತು. ಬಹುಮಾನ ಬಂದ ವರ್ಷವೇ ಜೀವನೋಪಾಯವೂ ತಪ್ಪಿ, ಅವರು ಸ್ವದೇಶವನ್ನು ಬಿಡಬೇಕಾಯಿತು. ಕೆಲವು ಕಾಲ ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳ ಶೋಧನೆಯಲ್ಲಿ ತೊಡಗಿದ್ದರು.

ಬಾರ್ನ್ ಅವರು ಕೆಲವು ತಿಂಗಳು ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಪರಿಚಯ ಪಡೆದಿದ್ದರು. ಈ ಪರಿಚಯದಿಂದ 1939ರಲ್ಲಿ ಒಟ್ಟೊ ಅವರಿಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯ ಪದವಿ ದೊರೆಯಿತು. ಗುಮ್ಮಟ, ಕಮಾನುಗಳ ವೈಭವವು ದಿವಾನರಿಗೆ ಪ್ರಿಯವಾಗಿತ್ತು. ಒಟ್ಟೊ ಅವರಾದರೋ ಬಿಸಿಲು, ಗಾಳಿ, ನೆರಳುಗಳನ್ನೇ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುವವರು. ಆಶ್ರಯವಿತ್ತವರನ್ನು ಎದುರಿಸುವುದು ನಿರಾಶ್ರಿತನಿಗೆ ಸುಲಭವಲ್ಲ. ಆದರೂ ವಿಜ್ಞಾನಮಂದಿರದ ವಿಮಾನವಿದ್ಯಾ ವಿಭಾಗ, ಭೋಜನಶಾಲೆಗಳನ್ನು ಅವರು ಸರಳವಾದ ಹೊಸ ರೀತಿಯಲ್ಲಿಯೇ ನಿರ್ಮಿಸಿದರು. ಬಿಸಿಲುನಾಡಿನಲ್ಲಿ ಕಿಟಕಿಗಳು ಉತ್ತರ ದಕ್ಷಿಣಗಳಿಗಿರಬೇಕು, ಪಡುವಣ ಗೋಡೆಗೆ ನೆರಳಿರಬೇಕು, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೊರಟುಹೋಗಬೇಕು ಎಂಬುದು ಅವರು ಮುಂದೆ ಬೋಧಿಸಿದ ಪಾಠ. ಬಾಗಿಲು ಯಾವ ದಿಕ್ಕಿಗೆಂದು ಬಹಳವಾಗಿ ವಿಚಾರಿಸುವ ನಾವು, ಮೂರು ಗಂಟೆಯ ಬಿಸಿಲು ಯಾವ ಕೋಣೆಗೆ ಬೀಳುವುದೆಂದು ವಿಚಾರಿಸುವುದು ಕಡಿಮೆ.

1948ರಲ್ಲಿ ಒರಿಸ್ಸಾದ ನೂತನ ರಾಜಧಾನಿ ಭುವನೇಶ್ವರಕ್ಕೆ ನಕ್ಷೆಯನ್ನು ಮಾಡಿಕೊಟ್ಟರು. ಲಿಂಗರಾಜ ದೇವಾಲಯವಿರುವ ಪುರಾತನ ಕ್ಷೇತ್ರವನ್ನು ಅದರಷ್ಟಕ್ಕೆ ಉಳಿಸಿ, ಉತ್ತರದ ಬಯಲಿನಲ್ಲಿ ಹೊಸ ಪೇಟೆಯನ್ನು ಯೋಜಿಸಿದರು. ಪ್ರತಿಯೊಂದು ಬಡಾವಣೆಯಲ್ಲಿಯೂ ಮಕ್ಕಳು ನಡೆದೇ ಹೋಗುವಷ್ಟು ಹತ್ತಿರದಲ್ಲಿ ಶಾಲೆಯಿರಬೇಕೆಂಬುದು ಆ ನಕ್ಷೆಯ ಒಂದು ಮುಖ್ಯಾಂಶ. ಉಪಾಧ್ಯಾಯಿನಿಯಾದ ನನಗೆ ಅವರ ಕೃತಿಗಳಲ್ಲೆಲ್ಲ ಇದೇ ಹೆಚ್ಚು ಮೆಚ್ಚಿಗೆ.

ಅದೇ ವರ್ಷ ಅವರು ಭಾರತ ಸರಕಾರದ ಗೃಹನಿರ್ಮಾಣಾಧಿಕಾರಿಗಳಾದರು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದವರು ಲಕ್ಷಾಂತರ. ತಾವೂ ನೆಲೆ ಕಳೆದುಕೊಂಡಿದ್ದ ಒಟ್ಟೊ ಅವರು, ಗೋಡೆಗಳನ್ನು ಕಾರ್ಖಾನೆಯಲ್ಲಿ ಎರಕಹೊಯ್ದು ತಂದು ಜೋಡಿಸುವ ಮನೆಗಳ ಮೇಲೆ ಮಹತ್ತಾದ ಭರವಸೆಯಿಟ್ಟರು. ದೆಹಲಿಯಲ್ಲಿ ಕಾರ್ಖಾನೆಯೂ ಸ್ಥಾಪಿತವಾಯಿತು. ಆದರೆ ಆ ಫಲಕಗಳು ಬಾಳಿಕೆಗೆ ಬರಲಿಲ್ಲ. ಟೀಕೆಗಳ ಮಳೆಯೇ ಸುರಿಯಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಮತ್ತೊಬ್ಬರಾಗಿದ್ದರೆ ಅಲ್ಲಿಗೇ ಕುಗ್ಗಿಹೋಗುತ್ತಿದ್ದರೋ ಏನೋ. ಇವರು ಲಂಡನ್ನಿನಲ್ಲಿ ಉಷ್ಣದೇಶಗಳ ಕಟ್ಟಡವಿದ್ಯೆಯನ್ನು ಬೋಧಿಸಲು ತೊಡಗಿದರು. ವಿಶ್ವಸಂಸ್ಥೆಯ ಪರವಾಗಿ, ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿಗೆ ಇತರರೊಡನೆ ಹೋದಾಗ ಅವರು ಸೂಚಿಸಿದ ಉಪಾಯ ಬೇರೆಯೇ: ಜನರು ತಮ್ಮ ಊರಿನ ಮಣ್ಣಿನಿಂದ ಗೋಡೆಗಳನ್ನು ತಾವೇ ಎಬ್ಬಿಸಲಿ, ಸರಕಾರವು ಅವರ ಕೈಗೆಟುಕದ ಮಾಡಿಗೆ ಮಾತ್ರ ಸಾಲ ಕೊಡಲಿ. ಇಡೀ ಮನೆಯನ್ನು ಎರಕಹೊಯ್ದು ಕೊಡಹೊರಟಿದ್ದವರು ಇಷ್ಟು ದೂರ ಬಂದಿದ್ದರು.

ಒಟ್ಟೊ ಅವರು 1999ರ ಜನವರಿಯಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು.