ಉಪಕುಲಪತಿ ಕುವೆಂಪು: ಮೇಷ್ಟ್ರು ನಡೆಸಿದ ಆಡಳಿತ

ಕುವೆಂಪು ಎಂದೊಡನೆ ನಮಗೆ ಕವಿಶೈಲ ನೆನಪಾಗುತ್ತದೆ, ಶ್ರೀ ರಾಮಾಯಣ ದರ್ಶನಂ ನೆನಪಾಗುತ್ತದೆ. ಅವರು 4 ವರ್ಷ ಒಂದು ದೊಡ್ಡ ವಿಶ್ವವಿದ್ಯಾನಿಲಯದ ಆಡಳಿತ ನಡೆಸಿದ್ದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಶಿಕ್ಷಕರಾಗಲು ಹೊರಟಿರುವ ನಮಗೆ ಅವರ ಬದುಕಿನ ಆ ಭಾಗವೂ ಕವಿತೆಯಷ್ಟೇ ಮುಖ್ಯವಾದದ್ದು.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ. ಆ ಕಾಲದ ಮಲೆನಾಡಿನಲ್ಲಿ ಶಾಲೆ ದೂರ, ದಾರಿ ಕಾಡು. ಆದ್ದರಿಂದ ದಕ್ಷಿಣ ಕನ್ನಡದಿಂದ ಬಂದ ಒಬ್ಬ ಉಪಾಧ್ಯಾಯರು ಮನೆಯಲ್ಲೇ ಅವರಿಗೆ ಅಕ್ಷರ ಕಲಿಸಿದರು. ಮುಂದೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ ಸೇರಿದರು. 12ನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಆದರೂ ಓದು ನಿಲ್ಲಲಿಲ್ಲ. ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು, ಅಲ್ಲಿಂದ ಮಹಾರಾಜಾ ಕಾಲೇಜು. 1929ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು.

1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. 1946ರಲ್ಲಿ ಪ್ರಾಧ್ಯಾಪಕರಾಗಿ ಮಹಾರಾಜಾ ಕಾಲೇಜಿಗೆ ಮರಳಿದರು. 1955ರಲ್ಲಿ ಅದರ ಪ್ರಾಂಶುಪಾಲರಾದರು. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಇಂದು ನಾವು ಕುಲಪತಿ ಎನ್ನುವ ಹುದ್ದೆಗೆ ಆಗ ಇದ್ದ ಹೆಸರು ಅದು. ಆ ವಿಶ್ವವಿದ್ಯಾನಿಲಯದಲ್ಲೇ ಓದಿ ಪದವಿ ಪಡೆದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಆ ಹೊತ್ತಿಗೆ ಅವರಿಗೆ ಪಾಠ ಹೇಳಿದ ಅನುಭವ ಸುಮಾರು 27 ವರ್ಷದ್ದಾಗಿತ್ತು.

ಉಪಕುಲಪತಿಯ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ವಿಶ್ವವಿದ್ಯಾನಿಲಯದಲ್ಲಿ ಯಾರೊಬ್ಬರೂ ಮನಸ್ಸಿಗೆ ಬಂದಂತೆ ಆದೇಶ ಹೊರಡಿಸಲಾಗುವುದಿಲ್ಲ. ಇಂದಿನ ವ್ಯವಸ್ಥೆಯನ್ನೇ ನೋಡೋಣ. ಪಠ್ಯಕ್ರಮ ಬದಲಾಗಬೇಕಾದರೆ ಮೊದಲು ಅಧ್ಯಯನ ಮಂಡಳಿ ಚರ್ಚಿಸಬೇಕು, ಬಳಿಕ ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. ಹಣದ ಮಾತಿದ್ದರೆ ಹಣಕಾಸು ಸಮಿತಿ ನೋಡಬೇಕು. ಕಟ್ಟಡ, ಆಸ್ತಿ, ನೌಕರರ ವಿಷಯಗಳು ಸಿಂಡಿಕೇಟಿನ ಮುಂದೆ ಬರುತ್ತವೆ. ಸಿಂಡಿಕೇಟಿಗೆ ಕುಲಪತಿಗಳೇ ಅಧ್ಯಕ್ಷರು, ಕುಲಸಚಿವರು ಕಾರ್ಯದರ್ಶಿ. ವಿಭಾಗದಿಂದ ಟಿಪ್ಪಣಿ ಹೊರಟು, ಕಡತವಾಗಿ, ಕಾರ್ಯಸೂಚಿಗೆ ಸೇರಿ, ಸಭೆಯಲ್ಲಿ ಚರ್ಚೆಯಾಗಿ, ನಡಾವಳಿಯಲ್ಲಿ ದಾಖಲಾದ ಮೇಲೆ ಆದೇಶ ಹೊರಡುತ್ತದೆ. ತುರ್ತು ಸಂದರ್ಭದಲ್ಲಿ ಕುಲಪತಿಗಳು ತಾವೇ ಕ್ರಮ ಕೈಗೊಳ್ಳಬಹುದು. ಆದರೆ ಅದನ್ನು ಸಂಬಂಧಪಟ್ಟ ಸಭೆಗೆ ವರದಿ ಮಾಡಲೇಬೇಕು. ಇದೆಲ್ಲ ನಿಧಾನವೆನಿಸಿದರೂ, ಸಾರ್ವಜನಿಕರ ಹಣ ಮತ್ತು ಸಾವಿರಾರು ಮಕ್ಕಳ ಭವಿಷ್ಯ ಒಬ್ಬರ ಇಷ್ಟಾನಿಷ್ಟಕ್ಕೆ ಬೀಳದಂತೆ ಹಾಕಿದ ಬೇಲಿ ಇದು.

1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ 1956ರಲ್ಲಿ ಸ್ವಾಯತ್ತತೆ ಪಡೆಯಿತು. ಹೊಸ ಹೊಣೆ ಹೊತ್ತ ಸಂಸ್ಥೆಯ ಚುಕ್ಕಾಣಿ ಕುವೆಂಪು ಅವರ ಕೈಗೆ ಬಂತು. ಅದೇ ವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹಳೆಯ ಮೈಸೂರಿನ ಕಾಲೇಜುಗಳೆಲ್ಲ ಈ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜೂ ಹೊರತಲ್ಲ. ಮೈಸೂರಿನ ಸಭೆಯಲ್ಲಿ ಆದ ಒಂದು ತೀರ್ಮಾನ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಕಾಲೇಜಿಗೆ ಹೋದ ಹುಡುಗ ಹುಡುಗಿಯರನ್ನು ಮುಟ್ಟುತ್ತಿತ್ತು.

ಕುವೆಂಪು ಅವರ ಮುಂದಿದ್ದ ಮೊದಲ ಪ್ರಶ್ನೆ ಜಾಗದ್ದು. ವಿಜ್ಞಾನದ ಸ್ನಾತಕೋತ್ತರ ತರಗತಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದವು, ಕಲಾ ವಿಷಯಗಳವು ಮಹಾರಾಜಾ ಕಾಲೇಜಿನಲ್ಲಿದ್ದವು. ವಿಶ್ವವಿದ್ಯಾನಿಲಯಕ್ಕೆ ತನ್ನದೇ ಆದ ಉನ್ನತ ಅಧ್ಯಯನ ಕೇಂದ್ರವೊಂದು ಬೇಕೆಂದು ಅವರು ಮನಗಂಡರು. ಕುಕ್ಕರಹಳ್ಳಿ ಕೆರೆಯ ಆಚೆಗಿನ ವಿಶಾಲ ಭೂಮಿಯಲ್ಲಿ ಅದು ತಲೆ ಎತ್ತಿತು. ಜಯಲಕ್ಷ್ಮೀ ವಿಲಾಸ ಅರಮನೆಯೂ ಆ ಆವರಣಕ್ಕೆ ಸೇರಿತು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರೇ. ಗಂಗೆ ಹುಟ್ಟುವ ತಾಣ ಗಂಗೋತ್ರಿಯಾದರೆ, ಜ್ಞಾನ ಹುಟ್ಟುವ ತಾಣ ಇದಾಗಲಿ ಎಂಬುದು ಆ ಹೆಸರಿನ ಆಶಯ. ಹೆಸರು ಕವಿಯದು, ನಿಜ. ಆದರೆ ಹೆಸರಿನಿಂದ ಪ್ರಯೋಗಾಲಯ ಏಳುವುದಿಲ್ಲ. ಭೂಮಿ, ಅನುದಾನ, ನಕ್ಷೆ, ಟೆಂಡರು, ಉಪಕರಣ, ಅಧ್ಯಾಪಕರ ನೇಮಕ ಹೀಗೆ ಒಂದೊಂದಕ್ಕೂ ಒಂದೊಂದು ಕಡತ ಸಾಗಬೇಕು. ಅಂಥ ಕೆಲಸವನ್ನು ಬೇಸರಿಸದೆ ಮಾಡಿಸಿದ್ದರಿಂದಲೇ ಆ ಕನಸು ನೆಲಕ್ಕಿಳಿಯಿತು.

ಎರಡನೆಯ ಪ್ರಶ್ನೆ ಭಾಷೆಯದು. ಕಾಲೇಜಿನಲ್ಲಿ ಕನ್ನಡದಲ್ಲಿ ಕಲಿಸಬಹುದೇ? ವಿಜ್ಞಾನಕ್ಕೆ ಕನ್ನಡ ಸಾಲದು ಎನ್ನುವವರು ಬಹಳ ಮಂದಿ ಇದ್ದರು. ಇಂಗ್ಲಿಷ್ ಬಿಟ್ಟರೆ ಕೆಲಸ ಸಿಗದೆಂಬ ಭಯವೂ ಇತ್ತು. ಕುವೆಂಪು ಅವರು ಕನ್ನಡವನ್ನು ಯಾರ ಮೇಲೂ ಹೇರಲು ಹೋಗಲಿಲ್ಲ. ಬೇಕೆಂದವರು ಆರಿಸಿಕೊಳ್ಳುವ ಅವಕಾಶವಾಗಿ ಅದನ್ನು ತಂದರು. ಅವಕಾಶ ಕೊಟ್ಟರಷ್ಟೇ ಸಾಲದು, ಓದಲು ಪುಸ್ತಕ ಬೇಕಲ್ಲ! ಕನ್ನಡದಲ್ಲಿ ಪಠ್ಯಗಳನ್ನು ಬರೆಸಿ ವಿಶ್ವವಿದ್ಯಾನಿಲಯದಿಂದಲೇ ಪ್ರಕಟಿಸುವುದಕ್ಕೆ ಒತ್ತು ಕೊಟ್ಟರು. ಮೊದಲು ನಿಯಮ, ಜೊತೆಗೆ ಪುಸ್ತಕ, ಆಮೇಲೆ ವಿದ್ಯಾರ್ಥಿಯ ಆಯ್ಕೆ. ಪಾಠಯೋಜನೆ ಬರೆಯುವ ನಮಗೆ ಈ ಕ್ರಮ ಚೆನ್ನಾಗಿ ಅರ್ಥವಾಗುತ್ತದೆ. ಬೋಧನೋಪಕರಣವಿಲ್ಲದೆ ಉದ್ದೇಶ ಮಾತ್ರ ಬರೆದರೆ ಪಾಠ ನಡೆಯುವುದಿಲ್ಲ.

ಅಧಿಕಾರದಲ್ಲಿದ್ದಾಗಲೂ ಅವರು ಸಾಹಿತ್ಯದಿಂದ ದೂರವಾಗಲಿಲ್ಲ. 1957ರಲ್ಲಿ ಧಾರವಾಡದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1958ರಲ್ಲಿ ಪದ್ಮಭೂಷಣ ಬಂತು. 1960ರಲ್ಲಿ ನಿವೃತ್ತರಾಗಿ ಮೈಸೂರಿನ ತಮ್ಮ ಮನೆ ಉದಯರವಿಯಲ್ಲಿ ಬರವಣಿಗೆ ಮುಂದುವರಿಸಿದರು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಹೊರಬಂದದ್ದು 1967ರಲ್ಲಿ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟವರು ಅವರು. 1994ರ ನವೆಂಬರ್ 11ರಂದು ತೀರಿಕೊಂಡರು. ಹುಟ್ಟೂರ ಸೀಮೆಯ ಮಣ್ಣಿಗೇ ಮರಳಿ ಕವಿಶೈಲದಲ್ಲಿ ಅವರ ಸಮಾಧಿಯಿದೆ.

1987ರಲ್ಲಿ ಶಂಕರಘಟ್ಟದಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಅವರದೇ ಹೆಸರಿಡಲಾಗಿದೆ. ಒಂದು ಕಾಲದಲ್ಲಿ ಮೈಸೂರಿನಲ್ಲಿ ಆಗುತ್ತಿದ್ದ ತೀರ್ಮಾನಗಳು ಇಂದು ಮಲೆನಾಡಿನಲ್ಲೇ ಆಗುತ್ತಿವೆ.

ನಮ್ಮಲ್ಲಿ ಅನೇಕರು ಬಿ.ಎಸ್ಸಿ.ಯನ್ನು ಇಂಗ್ಲಿಷಿನಲ್ಲಿ ಓದಿ ಬಂದವರು. ವರದಹಳ್ಳಿಯಂಥ ಊರಿನ ಮಕ್ಕಳ ಮುಂದೆ ನಿಂತಾಗ ದ್ಯುತಿಸಂಶ್ಲೇಷಣೆ, ವಕ್ರೀಭವನ ಎಂಬ ಪದಗಳನ್ನು ನಾವೇ ಹೊಸದಾಗಿ ಕಲಿಯಬೇಕಾಗುತ್ತದೆ. ಆ ಪದ ಮಗುವಿಗೆ ಅರ್ಥವಾಗುವಂತೆ ಅಂಗಳದ ಅಡಿಕೆ ಗಿಡದ ಎಲೆಯನ್ನೋ, ನೀರಿನ ಲೋಟದಲ್ಲಿ ಬಾಗಿದಂತೆ ಕಾಣುವ ಕಡ್ಡಿಯನ್ನೋ ತೋರಿಸುವುದು ನಮ್ಮ ಕೆಲಸ. ಹಳ್ಳಿಯ ಮಗುವಿಗೂ ಅದರ ಭಾಷೆಯಲ್ಲಿ ವಿಜ್ಞಾನ ಸಿಗಬೇಕೆಂದು ಕುವೆಂಪು ಸಭೆಗಳಲ್ಲಿ ಕುಳಿತು, ಕಡತಗಳಿಗೆ ಸಹಿ ಹಾಕಿ ದಾರಿ ಮಾಡಿದರು. ಸಭೆಯ ತೀರ್ಮಾನ ಕಾಗದದಲ್ಲಿ ಮುಗಿಯುತ್ತದೆ. ಅದು ಜಾರಿಗೆ ಬರುವುದು 40 ನಿಮಿಷದ ನಮ್ಮ ತರಗತಿಯಲ್ಲಿ.